ಜಿಂಕೆಯ ಕೊಂಬಿನ ಕವಲು ಎಣಿಸಿದರೆ ವಯಸ್ಸು ಗೊತ್ತಾಗುತ್ತದೆಯೇ?

‘ಕೊಂಬಿನ ಒಂದೊಂದು ಕವಲಿಗೂ ಒಂದೊಂದು ವರ್ಷ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ಬಂದರೆ 9 ದಿನ ಬಂದೂಕಿನಿಂದ ಜಿಂಕೆ ಬೇಟೆಗೆ ಅನುಮತಿ. ತಾತ, ಅಪ್ಪ, ಮಕ್ಕಳು ಒಟ್ಟಿಗೆ ಕಾಡಿಗೆ ಹೊರಡುತ್ತಾರೆ. ಕವಲು ಎಣಿಸುವುದೂ ಆ ಸಂಭ್ರಮದ ಭಾಗ. ಅಲ್ಲಿನ ಬಿಳಿಬಾಲದ ಗಂಡು ಜಿಂಕೆಗೆ ಕೊಂಬು ವಸಂತದಲ್ಲಿ ಮೊಳೆಯುತ್ತದೆ. ಬೇಸಿಗೆಯಿಡೀ ಮಖಮಲ್ಲಿನಂಥ ಚರ್ಮ ಹೊದ್ದು ಬೆಳೆದು, ಶರತ್ಕಾಲಕ್ಕೆ ಗಟ್ಟಿಯಾಗಿ, ಚಳಿಗಾಲದಲ್ಲಿ ಕಳಚಿ ಬೀಳುತ್ತದೆ. ವರ್ಷಕ್ಕೊಂದು ಹೊಸ ಜೊತೆ ಎಂದ ಮೇಲೆ ಹಳೆಯ ವರ್ಷಗಳ ಲೆಕ್ಕ ಉಳಿಯುವುದೆಲ್ಲಿ? ಕವಲು ಹೆಚ್ಚಲು ವಯಸ್ಸಿನ ಜೊತೆಗೆ ಮೇವು, ವಂಶವೂ ಕಾರಣ. ಮುದಿಯಾದಾಗ ಕವಲು ಕಡಿಮೆಯಾಗುವುದೂ ಉಂಟು. ವಯಸ್ಸು ಅಂದಾಜು ಮಾಡಲು ತಜ್ಞರು ನೋಡುವುದು ಹಲ್ಲಿನ ಸವೆತವನ್ನು.

ನಮ್ಮ ಬಂಡೀಪುರದ ಚುಕ್ಕಿ ಜಿಂಕೆಯೂ ಕೊಂಬು ಉದುರಿಸುತ್ತದೆ. ‘ತಾನಾಗಿ ಬಿದ್ದದ್ದು, ಮನೆಗೆ ತಂದರೆ ತಪ್ಪೇನು?’ ಎನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ, ಮೊದಲಿನದಕ್ಕಿಂತ ದುಬಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉದುರಿದ ಕೊಂಬನ್ನು ಮನೆಯಲ್ಲಿಟ್ಟುಕೊಂಡರೂ ಕೇಸು ಬೀಳಬಹುದು. ಕಾಡಿನಲ್ಲಿ ಅದು ವ್ಯರ್ಥವಾಗಿ ಬಿದ್ದಿರುವುದೂ ಇಲ್ಲ: ಸುಣ್ಣದಂಶಕ್ಕಾಗಿ ಮುಳ್ಳುಹಂದಿಗಳು ಅದನ್ನು ಕಡಿದು ತಿನ್ನುತ್ತವೆ.