ಗೋಕಾಕದ ಹೊಳೆಗೂ ಒಂದು ಕನ್ನಡದ ನಕ್ಷೆ ಬೇಕು



ಗೋಕಾಕ್ ಎಂದಕೂಡಲೇ ನಿಮಗೆ ನೆನಪಾಗುವುದು 1981ರ ವರದಿ, 1982ರ ಚಳವಳಿ, ಬೀದಿಗಿಳಿದ ಡಾ. ರಾಜ್‌ಕುಮಾರ್. ಆದರೆ ವಿ.ಕೃ. ಗೋಕಾಕರ ಹೆಸರಿನೊಳಗಿರುವ ಆ ಊರು? ಘಟಪ್ರಭೆಯ ದಡದ ಗೋಕಾಕ 2019ರ ಆಗಸ್ಟ್‌ನಲ್ಲಿ ನೀರಿನಲ್ಲಿ ನಿಂತಿತ್ತು. ನಮ್ಮಲ್ಲಿ ಎಷ್ಟು ಮಂದಿಗೆ ಅದು ನೆನಪಿದೆ?

ಹಿಡಕಲ್ ಅಣೆಕಟ್ಟೆಯ ಗೇಟು ಎತ್ತಿದರೆ ಮಾತ್ರ ಗೋಕಾಕಕ್ಕೆ ಹೊಳೆ ಬರುತ್ತದೆಂದು ತಿಳಿಯಬೇಡಿ. ಅಣೆಕಟ್ಟೆಯ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ. ಊರಿನ ಹತ್ತಿರ ಮಾರ್ಕಂಡೇಯ. ಎಲ್ಲವೂ ಒಟ್ಟಿಗೆ ತುಂಬಿದಾಗ ಲೋಳಸೂರ ಸೇತುವೆ ಮುಳುಗುತ್ತದೆ. ಆಗೊಂದು ಪ್ರಕಟಣೆ: 'ಇಷ್ಟು ಸಾವಿರ ಕ್ಯೂಸೆಕ್ಸ್ ಬಿಡಲಾಗಿದೆ, ನದಿಪಾತ್ರದ ಜನ ಎಚ್ಚರದಿಂದಿರಬೇಕು.' ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರು, ಲಕ್ಷ ಕ್ಯೂಸೆಕ್ ಎಂದರೆ 28 ಲಕ್ಷ ಲೀಟರು. ಲೆಕ್ಕ ಸರಿ ಸ್ವಾಮಿ! ಆ ನೀರು ನಮ್ಮ ಓಣಿಗೆ ಬರುತ್ತದೋ ಇಲ್ಲವೋ? ಹೊಸ್ತಿಲಿಗೋ, ಕಿಟಕಿಗೋ?

ಅದನ್ನು ಹೇಳುವುದು ನೆರೆ ನಕ್ಷೆ. ಹೊಳೆಯಲ್ಲಿ ವರ್ಷ ವರ್ಷ ಹರಿದ ಅತಿ ಹೆಚ್ಚು ನೀರಿನ ಲೆಕ್ಕ ತೆಗೆದು, ಹೊಳೆಯ ಅಗಲ ಆಳ, ಊರಿನ ನೆಲದ ಏರುತಗ್ಗು ಅಳೆದು, ಎಷ್ಟು ನೀರು ಬಂದರೆ ಎಲ್ಲಿಯವರೆಗೆ ಏರುತ್ತದೆಂದು ಗೆರೆ ಎಳೆಯುತ್ತಾರೆ. ಆಸ್ಪತ್ರೆ, ವಿದ್ಯುತ್ ಕೇಂದ್ರ ನೂರು ವರ್ಷದ ನೆರೆಯ ಗೆರೆಗಿಂತ ಮೇಲಿರಬೇಕು, ಮನೆಗಳು 25 ವರ್ಷದ ಗೆರೆಗಿಂತ ಮೇಲೆ, ತಗ್ಗಿನ ಜಾಗ ಆಟದ ಮೈದಾನಕ್ಕೆ ಎನ್ನುತ್ತವೆ ರಾಷ್ಟ್ರೀಯ ಮಾರ್ಗಸೂಚಿಗಳು. ಇದಕ್ಕಾಗಿ ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆ ಕಳಿಸಿತ್ತು. ಪುಟ್ಟ ಮಣಿಪುರ 1978ರಲ್ಲಿ ಕಾಯ್ದೆ ಮಾಡಿತು. ಕಾವೇರಿಗೆ, ಕೃಷ್ಣೆಗೆ ಬೀದಿಗಿಳಿಯುವ ನಾವು ಇದನ್ನು ಗಟ್ಟಿಯಾಗಿ ಕೇಳಿದ್ದೇವೆಯೇ?

ಭಾಷೆಯ ಪತ್ರಿಕೆಗೆ ಇದೇಕೆ ಎನ್ನುವಿರಾ? 'ನೂರು ವರ್ಷದ ನೆರೆ' ಎಂಬ ಮಾತನ್ನೇ ನೋಡಿ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಮಾತು. ಕೇಳಿದವನು, ಬಂದುಹೋಯಿತು, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದುಕೊಂಡು ಹೊಳೆ ಪಕ್ಕದಲ್ಲೇ ಮನೆ ಕಟ್ಟುತ್ತಾನೆ. ನಿಜವಾದ ಅರ್ಥ ಬೇರೆ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ. ಆ ಗೆರೆಯ ಮೇಲೆ 30 ವರ್ಷ ಬಾಳುವ ಮನೆಗೆ ಅದು ನೂರಕ್ಕೆ 26! ಇದನ್ನು ತಿಳಿಯುವ ಕನ್ನಡದಲ್ಲಿ ಹೇಳದಿರುವುದು ಜನರ ಜೀವದ ಜೊತೆ ಆಡುವ ಆಟ. 1963ರಿಂದ ಕನ್ನಡವೇ ಆಡಳಿತ ಭಾಷೆ. 'ಸಮುದ್ರಮಟ್ಟದಿಂದ ಇಷ್ಟು ಮೀಟರ್' ಎಂದು ಇಂಗ್ಲಿಷಿನಲ್ಲಿ ಬರೆದು ಕಪಾಟಿಗೆ ಸೇರಿಸಿದ ನಕ್ಷೆ ಗೋಕಾಕದ ಯಾವ ತಾಯಿಗೆ ಬೇಕು? ಗುಡಿಯ ಎಷ್ಟನೇ ಮೆಟ್ಟಿಲು, ಶಾಲೆಯ ಯಾವ ಕಿಟಕಿ, ಎಂದು ಬರೆಯಿರಿ.

ಗೋಕಾಕ, ರಾಮದುರ್ಗ, ನಂಜನಗೂಡು, ಹೀಗೆ ಹೊಳೆದಂಡೆಯ ಊರುಗಳಿಂದ ಬೆಂಗಳೂರಿಗೆ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರನ್ನು ಕರೆದುಕೊಂಡು ಓಣಿ ಸುತ್ತಿ. ನೀರು ಎಲ್ಲಿಗೆ ಬಂದಿತ್ತೆಂದು ಕೇಳಿ, ಮನೆಯವರನ್ನು ಒಪ್ಪಿಸಿ ಗೋಡೆಯ ಮೇಲೆ ಗೆರೆ ಎಳೆದು ಇಸವಿ ಬರೆಯಿರಿ. ಫೋಟೋ ತೆಗೆದು ಪುರಸಭೆಗೆ ಅರ್ಜಿ ಕೊಡಿ: ನಮ್ಮೂರಿನ ನೆರೆ ನಕ್ಷೆ ಎಲ್ಲಿ? ಅರ್ಜಿ ಕನ್ನಡದಲ್ಲಿರಲಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ ಪಡೆಯಿರಿ.