ಜೊತೆಗಾರನಿಗೆ ದಾರಿ ಬಿಡುವುದು

ಸೈಕಲ್ ಪಟುಗಳ ಜಿಲ್ಲೆಯೆಂದೇ ಹೆಸರಾದ ವಿಜಯಪುರದಲ್ಲಿ, ಮನಗೂಳಿಯ ಬಯಲುಗಾಳಿಗೆ ಎದುರಾಗಿ ಸಾಲುಗಟ್ಟಿ ಪೆಡಲ್ ತುಳಿದವರಿಗೆ ಗೊತ್ತು: ಮುಂದಿನವನು ಗಾಳಿಗೆ ಎದೆಯೊಡ್ಡಿದರೆ ಹಿಂದಿನವನ ಕಾಲಿನ ಕಸುವು ಉಳಿಯುತ್ತದೆ. ಸೈಕಲ್ಲಿನ ರೋಡ್ ರೇಸಿನಲ್ಲಿ ಯಾರು ಯಾರಿಗಾಗಿ ದಣಿಯಬೇಕೆಂಬುದು ಸಾಮಾನ್ಯವಾಗಿ ಮೊದಲೇ ನಿಶ್ಚಯವಾಗಿರುತ್ತದೆ, ಹಾಗಾಗಿ ಅಲ್ಲಿ ಮೋಸವಿಲ್ಲ. ಫಾರ್ಮುಲಾ ಒನ್ ಕಾರು ರೇಸಿನಲ್ಲಿ ನನ್ನನ್ನು ನೋಯಿಸುವುದು ‘ಜೊತೆಗಾರನಿಗೆ ದಾರಿ ಬಿಡು’ ಎಂಬ ಅಪ್ಪಣೆ ರೇಸಿನ ನಡುವೆ ರೇಡಿಯೊದಲ್ಲಿ ಬರುವುದು. 2002ರ ಆಸ್ಟ್ರಿಯಾ ರೇಸಿನಲ್ಲಿ ಕೊನೆಯ ತಿರುವಿನವರೆಗೂ ಮುಂದಿದ್ದ ಬ್ಯಾರಿಕೆಲೊ, ತಮ್ಮ ತಂಡ ಫೆರಾರಿಯ ಅಪ್ಪಣೆಯಂತೆ ಜೊತೆಗಾರ ಶೂಮಾಕರ್‌ಗೆ ಗೆಲುವು ಬಿಟ್ಟುಕೊಟ್ಟರು. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಅದು ಋತುವಿನ ಆರನೆಯ ರೇಸ್ ಅಷ್ಟೆ, ಅಂಥ ಅವಸರವೇನಿತ್ತು? 2003ರಿಂದ ಇಂಥ ಅಪ್ಪಣೆಗಳಿಗೆ ನಿಷೇಧ ಬಂತು, 2011ರಲ್ಲಿ ಅದನ್ನು ತೆಗೆದರು. ಆದರೆ ಅಪ್ಪಣೆಯೇ ಇಲ್ಲದಿದ್ದರೂ ಅನ್ಯಾಯವಾಗುತ್ತದೆ. ಬೆಂಗಳೂರಿನ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡ 2017ರಲ್ಲಿ ತನ್ನ ಚಾಲಕರಾದ ಪೆರೆಜ್ ಮತ್ತು ಒಕಾನ್ ಇಬ್ಬರನ್ನೂ ಮುಕ್ತವಾಗಿ ಓಡಲು ಬಿಟ್ಟಿತು. ಕೆನಡಾದಲ್ಲಿ ಪೆರೆಜ್ ಒಕಾನ್‌ಗೆ ದಾರಿ ಬಿಡಲಿಲ್ಲ. ಬಾಕುವಿನಲ್ಲಿ ಇಬ್ಬರೂ ಡಿಕ್ಕಿಯಾಗಿ ದೊಡ್ಡ ಅವಕಾಶವೊಂದು ಕೈತಪ್ಪಿತು. ಬೆಲ್ಜಿಯಂನ ಸ್ಪಾದಲ್ಲಿ ಒಂದೇ ರೇಸಿನಲ್ಲಿ ಎರಡು ಸಲ ತಾಗಿಕೊಂಡರು. ಹಗಲಿರುಳು ದುಡಿದ ಮೆಕ್ಯಾನಿಕ್‌ಗಳ ಶ್ರಮ ಮಣ್ಣುಪಾಲಾಯಿತು. ಆಮೇಲೆ ತಂಡ ಕಡಿವಾಣ ಹಾಕಿತು, ಇಬ್ಬರಿಗೂ ಒಂದೇ ಕಡಿವಾಣ. ನನ್ನ ಮಟ್ಟಿಗೆ ಅದೇ ನ್ಯಾಯವಾದ ಅಪ್ಪಣೆ. ಆ ವರ್ಷ ಪೆರೆಜ್ 100, ಒಕಾನ್ 87 ಅಂಕ ಗಳಿಸಿದರು. ತಂಡಗಳ ಪಟ್ಟಿಯಲ್ಲಿ ಫೋರ್ಸ್ ಇಂಡಿಯಾ ನಾಲ್ಕನೆಯ ಸ್ಥಾನ ಪಡೆಯಿತು.