ನೆರಳಿನ ಮೆಟ್ಟಿಲು

ಆಷಾಢದ ಮಳೆಯಲ್ಲಿ ತಿತಿಮತಿಯ ಭಕ್ತರೊಬ್ಬರ ಮನೆಯಲ್ಲಿ ನಾವು ತಂಗಿದ್ದೆವು. ನೌಕರಿ ಬಿಟ್ಟು ಗಣಕಯಂತ್ರದ ಆಟವೊಂದನ್ನು ರಚಿಸುತ್ತಿದ್ದ ಮಗನಿಗೆ ಬುದ್ಧಿ ಹೇಳಬೇಕೆಂಬುದು ತಂದೆಯ ಬಿನ್ನಹ. ಎರಡು ವರ್ಷಗಳಿಂದ ಅವನಿಂದ ಮನೆಗೆ ಬಿಡಿಗಾಸೂ ಬಂದಿರಲಿಲ್ಲ.

ವಿದ್ಯುತ್ತು ಹೋಗಿತ್ತು. ಹುಡುಗನು ದೀಪದ ಮುಂದೆ ಚೆಂಬನ್ನೂ ಮಣೆಯನ್ನೂ ಇಟ್ಟನು. ಗೋಡೆಯ ಮೇಲೆ ಎರಡರ ನೆರಳೂ ಕೂಡಿ ಮೆಟ್ಟಿಲಾಯಿತು. ಕೋಣೆಯಲ್ಲಿ ಅವುಗಳ ನಡುವೆ ಮೊಳದಷ್ಟು ಅಂತರ; ಗೋಡೆಯಲ್ಲಿ ಅಂತರವೇ ಇಲ್ಲ! ಉದ್ದ, ಅಗಲ, ಎತ್ತರಗಳ ಲೋಕದಲ್ಲಿ ವಸ್ತುವನ್ನು ಸರಿಸಿ, ಆಳವಿಲ್ಲದ ನೆರಳಿನ ಲೋಕದಲ್ಲಿ ದಾರಿ ಮಾಡುವುದೇ ಆಟ. 2021ರಲ್ಲಿ ನಮ್ಮ ದೇಶದವರೇ ಹೊರತಂದ ‘ಇನ್ ಮೈ ಶ್ಯಾಡೋ’ದ ಹೂರಣವೂ ಇದೇ. ಕೆನಡಾದ ಫಿಲ್ ಫಿಶ್ ಅವರ ‘ಫೆಜ್’ ಆಟದಲ್ಲಿ ಚಪ್ಪಟೆ ಲೋಕವನ್ನೇ ಕಾಲು ಸುತ್ತು ತಿರುಗಿಸಿದರೆ ದೂರದ ಜಗುಲಿಗಳು ಒಂದಾಗುವುವು. ಐದು ವರ್ಷ ಹಿಡಿದು ಅದು 2012ರಲ್ಲಿ ಹೊರಬಂದಿತು.

“ಒಗಟು ಕಟ್ಟಬಹುದು ಗುರುಗಳೇ, ಆಡುವವರಿಗೆ ಕಳ್ಳದಾರಿ ಸಿಗದಂತೆ ಕಾಯುವುದೇ ಕಷ್ಟ” ಎಂದನು. ನಾವು ಮಣೆಯನ್ನು ದೀಪದ ಹತ್ತಿರಕ್ಕೆ ಸರಿಸಿದೆವು. ನೆರಳು ಹಿಗ್ಗಿತು, ಚೆಂಬೇ ಬೇಡವಾಯಿತು. ಹುಡುಗನು ತಲೆ ಕೆರೆದುಕೊಂಡು ಅದನ್ನು ಬರೆದಿಟ್ಟನು.

ಬುದ್ಧಿ ಹೇಳಲು ಹೋದವರು ನಾವು! “ಯುಗಾದಿಯವರೆಗೆ ತಾಳಿರಿ” ಎಂದು ತಂದೆಗೇ ಹೇಳಿ ಬಂದೆವು. ಅವರು ಒಪ್ಪಿದಂತೆ ಕಾಣಲಿಲ್ಲ.